ಬಾಗಿಲು ಬಿಟ್ಟುಹೋದ ಯಂತ್ರಮಾನವ

ಎಂಬತ್ತರ ದಶಕದ ನಡುವಿನಲ್ಲಿ ನಾನು ಶಿರ್ತಾಡಿಯ ಸಮೀಪದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಒಂದು ವರ್ಷ ವಿಜ್ಞಾನ ಪ್ರದರ್ಶನದ ಮಧ್ಯಾಹ್ನಕ್ಕೆ, ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಲೆಯೊಂದು ಇರಲೇಬೇಕೆಂದು ನಮ್ಮ ವಿಜ್ಞಾನದ ಮಾಸ್ತರರು ಹಟ ಹಿಡಿದರು. ಪ್ರಸಂಗವನ್ನೂ ಅವರೇ ಬರೆದರು. ರಾಜನ ತೋಟದ ಬಾಗಿಲು ಕಾಯುವುದಕ್ಕೆ ಒಬ್ಬ ಯಂತ್ರಮಾನವ. ಒಂದು ದಿನ ಯಂತ್ರ ಕೆಟ್ಟು ಅವನು ಬಾಗಿಲು ಬಿಟ್ಟು ಹೋಗುತ್ತಾನೆ. ಕಾಡುಹಂದಿಗಳು ನುಗ್ಗಿ ತೋಟ ಹಾಳಾಗುತ್ತದೆ. ರಾಜ ಅವನನ್ನು ಕುಲುಮೆಗೆ ಹಾಕಿಸುತ್ತಾನೆ. ಇಷ್ಟೇ ಕಥೆ.

ಯಂತ್ರಮಾನವನ ಮಾತು ನನ್ನ ಪಾಲಿಗೆ ಬಂತು. "ನೀವೇ ಆಗಬೇಕು ಮಾರಾಯ್ರೆ, ಅಲ್ಪಪ್ರಾಣ ಮಹಾಪ್ರಾಣ ಒಂದೂ ತಪ್ಪದೆ ಮಾತಾಡುವುದು ಈ ಶಾಲೆಯಲ್ಲಿ ನೀವು ಒಬ್ಬರೇ, ನಿಮ್ಮನ್ನು ಬಿಟ್ಟರೆ ಯಂತ್ರವೇ" ಎಂದರು ಮಾಸ್ತರರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ರಾಜನ ಪಾತ್ರಕ್ಕೆ ನನ್ನ ತಂದೆಯವರನ್ನು ಕೇಳಿ ಒಪ್ಪಿಸಿದರು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಎಲ್ಲಿ ತಾಳಮದ್ದಲೆಯಾದರೂ ಅವರಿಗೆ ಕರೆ ಇರುತ್ತಿತ್ತು.

ಪ್ರಸಂಗವನ್ನು ಓದುತ್ತಿದ್ದಂತೆ ನನಗೆ ನೆನಪಾದವನು ಅಣ್ಣ. ನನ್ನನ್ನು ಶಾಲೆಗೆ ಕಳುಹಿಸಿದ ತಂದೆ ಅವನನ್ನು ಏಳನೆಯ ತರಗತಿಗೇ ಬಿಡಿಸಿ ದನ ಮೇಯಿಸಲು ಹಚ್ಚಿದ್ದರು. ಎಪ್ಪತ್ತರ ದಶಕದ ಒಂದು ಸಂಜೆ ಅವನು ದನಗಳನ್ನು ಗುಡ್ಡೆಯಲ್ಲಿ ಬಿಟ್ಟು ಎಲ್ಲಿಗೋ ಹೋದ. ಗಬ್ಬದ ದನವೊಂದು ಹಳೆಯ ಕಲ್ಲುಕೋರೆಯ ಹೊಂಡಕ್ಕೆ ಬಿದ್ದು ಸತ್ತಿತು. ಸಿನೆಮಾಕ್ಕೆ ಹೋಗಿರಬೇಕೆಂದು ತಂದೆ ತೀರ್ಮಾನಿಸಿದರು. ಈ ಜಗಲಿ ಇನ್ನು ಹತ್ತಬೇಡ ಎಂದರು. ಅಣ್ಣ ಎದುರಾಡಲಿಲ್ಲ, ಬೊಂಬಾಯಿಗೆ ಹೋಗಿ ಹೋಟೆಲು ಸೇರಿದ. ಅಂದು ಎಲ್ಲಿಗೆ ಹೋಗಿದ್ದನೆಂದು ಹೊರಡುವ ಮುನ್ನ ನನಗೊಬ್ಬನಿಗೆ ಹೇಳಿದ್ದ. ತಂದೆಗೆ ತಿಳಿಸಬಾರದೆಂದು ಮಾತನ್ನೂ ತೆಗೆದುಕೊಂಡಿದ್ದ. ಅಮ್ಮ ಮೊದಲೇ ತೀರಿಕೊಂಡಿದ್ದರಿಂದ ಮನೆಯಲ್ಲಿ ಅವನ ಸುದ್ದಿಯನ್ನು ಎತ್ತುವವರೇ ಇರಲಿಲ್ಲ. ನಾನು ಎತ್ತಿದರೆ ತಂದೆ ಎದ್ದು ತೋಟಕ್ಕೆ ನಡೆಯುತ್ತಿದ್ದರು.

ತಾಳಮದ್ದಲೆಯಲ್ಲಿ ಹಾಗೆ ಎದ್ದು ಹೋಗುವಂತಿಲ್ಲ. ಎದುರಿನ ಪಾತ್ರದ ಮಾತಾಡುವ ಅರ್ಥಧಾರಿ ಪ್ರಶ್ನೆ ಹಾಕಿದರೆ ಉತ್ತರ ಕೊಡಬೇಕು, ಕೊಡದಿದ್ದರೆ ಸೋಲು. ಆ ನಿಯಮವನ್ನು ತಂದೆ ಎಂದೂ ಮುರಿದವರಲ್ಲ. ಅವರೆದುರು ಅಣ್ಣನ ಪರವಾಗಿ ಮಾತಾಡಲು ನನಗೆ ಸಿಗಬಹುದಾದ ಜಾಗ ಅದೊಂದೇ ಎಂದು ನಿಶ್ಚಯಿಸಿಕೊಂಡೆ.

ಆ ದಿನ ಹಾಡುವ ಭಾಗವತರ ಪದ್ಯ ಮುಗಿದೊಡನೆ ರಾಜನಾದ ತಂದೆ ಕೆಟ್ಟ ಯಂತ್ರದ ಮೇಲೆ ಗರ್ಜಿಸಿದರು. ಕೆಟ್ಟ ಯಂತ್ರವೆಂದರೆ ತೊದಲಬೇಕೆಂದು ಎಣಿಸಿ, ಸಭೆ ನಗುವುದಕ್ಕಾಗಿ ಕಾಯುತ್ತಿತ್ತು. ನಾನು ತೊದಲಲಿಲ್ಲ.

"ಪ್ರಭುವೇ, ಬಾಗಿಲು ಬಿಟ್ಟೆನೆಂದು ಶಿಕ್ಷೆ ವಿಧಿಸಿದಿರಿ. ಬಿಟ್ಟು ಎಲ್ಲಿಗೆ ಹೋದೆನೆಂದು ಕೇಳಿದಿರಾ?"

"ಯಂತ್ರಕ್ಕೆ ಎಲ್ಲಿಗೆಂಬುದುಂಟೇ? ಕೆಟ್ಟಿತು, ಅಲೆಯಿತು."

"ಅಲೆಯಲಿಲ್ಲ. ಸಭೆಯ ಕಿಟಕಿಯ ಹೊರಗೆ ನಿಂತಿದ್ದೆ, ನಿಮ್ಮ ಮಾತು ಕೇಳುವುದಕ್ಕೆ. ನನಗೆ ನಿಮ್ಮಿಂದ ಸಿಕ್ಕಿದ್ದು ಆಜ್ಞೆ ಮಾತ್ರ. ಮಾತು ಎಲ್ಲವೂ ಸಭೆಯವರಿಗೆ ಸಿಗುತ್ತಿತ್ತು."

ತಂದೆ ನನ್ನನ್ನೇ ನೋಡಿದರು. "ಯಾವ ಸಭೆ?" ಎಂದರು, ಸ್ವರ ಇಳಿಸಿ.

"ಮಿಜಾರಿನ ಸಭೆ, ಪ್ರಭು."

ರಾಜನ ಆಸ್ಥಾನಕ್ಕೆ ಮಿಜಾರು ಬಂದದ್ದನ್ನು ಕೇಳಿ ಜನ ಹೊಟ್ಟೆ ಹಿಡಿದು ನಕ್ಕರು. ತಂದೆ ನಗಲಿಲ್ಲ. ದನ ಸತ್ತ ಸಂಜೆ ನಮ್ಮೂರು ಮಿಜಾರಿನಲ್ಲಿ ಅವರದೇ ತಾಳಮದ್ದಲೆಯ ಕೂಟವಿತ್ತು, ಅಣ್ಣ ಹೋಗಿದ್ದುದು ಅಲ್ಲಿಗೆ. ಭಾಗವತರು ಕುಲುಮೆಯ ಪದ್ಯಕ್ಕೆಂದು ಜಾಗಟೆ ಎತ್ತಿದರು. ತಂದೆ ಕೈ ಅಡ್ಡ ಹಿಡಿದರು. 

"ಭಾಗವತರೇ, ಆ ಪದ್ಯ ಬೇಡ" ಎಂದರು. ಅನಂತರ ನನ್ನ ಕಡೆಗೆ ತಿರುಗಿ, "ಒಳಗೆ ಬಾ, ಮಗನೇ. ನಿನ್ನನ್ನು ಹೊರಗೆ ನಿಲ್ಲಿಸಿದ ತಪ್ಪು ನನ್ನದು" ಎಂದರು.

ಭಾಗವತರು ಹಿರಿಯರು; ಏನೋ ನಡೆದಿದೆಯೆಂದು ಅವರಿಗೆ ಅರಿವಾಗಿರಬೇಕು. ಮರುಮಾತಿಲ್ಲದೆ ಮಂಗಳ ಹಾಡಿ ಮುಗಿಸಿದರು. ತಮ್ಮ ಕುಲುಮೆ ಎಲ್ಲಿ ಹೋಯಿತೆಂದು ವಿಜ್ಞಾನದ ಮಾಸ್ತರರು ಚಹಾ ಕುಡಿಯುವಾಗಲೂ ಕೇಳುತ್ತಲೇ ಇದ್ದರು.

ಮನೆಗೆ ಹಿಂದಿರುಗುವಾಗ ಬಸ್ಸಿನಲ್ಲಿ ತಂದೆ ಏನನ್ನೂ ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಅವರು ಹೇಳಿದ ಮಾತು ವೇದಿಕೆಯಲ್ಲಿಯೇ ಉಳಿದುಬಿಡುತ್ತದೋ ಎಂಬ ಹೆದರಿಕೆಯಿಂದ, ನಡೆದುದನ್ನೆಲ್ಲ ಅಣ್ಣನಿಗೆ ಬರೆದೆ. ಅವನ ಉತ್ತರ ಒಂದು ಕಾರ್ಡಿನಲ್ಲಿ ಬಂತು. ಕೊಟ್ಟ ಮಾತು ಮುರಿದುದಕ್ಕೆ ನನ್ನ ಮೇಲೆ ಸಿಟ್ಟಿರಲಿಲ್ಲ. ಒಳಗೆ ಬಾ ಎಂದು ಹೇಳಿದವರು ಅಪ್ಪನೋ ರಾಜನೋ ಎಂಬುದನ್ನು ಸರಿಯಾಗಿ ತಿಳಿಸು, ರಾಜನ ಮಾತಿಗೆ ನಾನು ಬಸ್ಸು ಹತ್ತುವವನಲ್ಲ ಎಂದು ಬರೆದಿದ್ದ.

 ಜಗಲಿಯಲ್ಲಿ ಕುಳಿತಿದ್ದ ತಂದೆಯ ಮುಂದೆ ಕಾರ್ಡನ್ನು ಇಟ್ಟೆ. ಎದ್ದು ತೋಟಕ್ಕೆ ನಡೆಯುತ್ತಾರೆಂದೇ ಎಣಿಸಿದ್ದೆ. ಅವರು ಓದಿದರು, ಮತ್ತೆ ಓದಿದರು. ಮನೆಯಲ್ಲಿ ನಮ್ಮ ಮಾತು ತುಳು. ಅವರು ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆ ಪ್ರಸಂಗದಲ್ಲಿ ರಾಜನಿಗೆ ಮಕ್ಕಳು ಉಂಟಾ?"

"ಇಲ್ಲ."

"ಮತ್ತೆ ಅವನು ಮಗನೇ ಅಂತ ಯಾಕೆ ಕರೀತಾನೆ? ಅದನ್ನೇ ಬರೆ ಅವನಿಗೆ."

ಬರೆದೆ. ಆಮೇಲಿನ ದಿನಗಳಲ್ಲಿ ತಂದೆಗೆ ಮೂಡುಬಿದಿರೆಯಲ್ಲಿ ಇಲ್ಲದ ಕೆಲಸಗಳು ಹುಟ್ಟಿಕೊಂಡವು. ಕತ್ತಿಗೆ ಹಿಡಿ ಹಾಕಿಸುವುದು, ಕೊಡೆ ರಿಪೇರಿ. ಎಲ್ಲವೂ ಬೊಂಬಾಯಿ ಬಸ್ಸು ಬರುವ ಹೊತ್ತಿಗೇ. ಬಸ್ಸು ಖಾಲಿಯಾಗುವವರೆಗೆ ನಿಂತು, ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮರಳುತ್ತಿದ್ದರು. ಕೆಲವು ದಿನ ನಾನೂ ಅವರ ಜೊತೆಗೆ ನಿಲ್ಲುತ್ತಿದ್ದೆ.

ಮಳೆ ಹಿಡಿಯುವ ಮುಂಚೆ ಒಂದು ಬೆಳಿಗ್ಗೆ ಅಣ್ಣ ಇಳಿದ. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಗುರುತು ಹಿಡಿಯುವುದಕ್ಕೆ ನನಗೇ ಒಂದು ಕ್ಷಣ ಬೇಕಾಯಿತು. ತಂದೆಗೆ ಬೇಕಾಗಲಿಲ್ಲ. ಹತ್ತಿರ ಹೋದರು, ಬಾಯಿ ತೆರೆದರು, ಮಾತು ಬರಲಿಲ್ಲ. ಅಣ್ಣನ ಕೈಯಲ್ಲಿದ್ದ ಚೀಲವನ್ನು ತಾವು ತೆಗೆದುಕೊಂಡು ಮನೆಯ ಕಡೆಗೆ ಹೋಗುವ ಮಿಜಾರಿನ ಬಸ್ಸಿನತ್ತ ನಡೆದರು. ಅಣ್ಣ ಅವರ ಬೆನ್ನನ್ನು ನೋಡುತ್ತ, ಹೇಳದೆ ಉಳಿದ ಆ ಮಾತಿಗಾಗಿ ಇನ್ನೂ ಕಿವಿಗೊಟ್ಟವನಂತೆ, ಹಿಂದೆ ಹಿಂದೆ ಬಂದ.