ಅಪ್ಪ ಮೆಚ್ಚಿದ ವಿಮಾನ ಶಾಲೆ

ದಾಂಡೇಲಿಯ ಕಾಗದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಸ್ವಪ್ನಾಳನ್ನು ಇವತ್ತಿಗೂ ಕೆಲವರು ಪೈಲಟ್ ಎಂದೇ ಕರೆಯುತ್ತಾರೆ. ಅವಳು ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹಳಿಯಾಳಕ್ಕೆ ಹೋಗುತ್ತಾಳೆ, ಅಲ್ಲಿನ ಟ್ಯೂಷನ್ ಕ್ಲಾಸಿನಲ್ಲಿ ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಡುತ್ತಾಳೆ, ಸಂಜೆ ಕಬ್ಬಿನ ಲಾರಿಗಳ ಹಿಂದೆ ತೆವಳುವ ಬಸ್ಸಿನಲ್ಲಿ ತಿರುಗಿ ಬರುತ್ತಾಳೆ. ಪೈಲಟ್ ಎನ್ನುವವರಲ್ಲಿ ಕೆಲವರಿಗೆ ನಿಜ ಗೊತ್ತಿಲ್ಲ. ಗೊತ್ತಿದ್ದವರು ಬೇಕೆಂದೇ ಕರೆಯುತ್ತಾರೆ.

ಅವಳ ತಂದೆ ಮಹಾಂತಪ್ಪ ಸವದತ್ತಿ ಕಡೆಯವನು. ಮೀಸೆ ಚಿಗುರುವ ವಯಸ್ಸಿನಲ್ಲಿ ದಾಂಡೇಲಿಗೆ ಬಂದು ಕಾರ್ಖಾನೆ ಸೇರಿ, ಕಟ್ಟಿಗೆಯ ಚೂರು ಬೇಯಿಸುವ ವಿಭಾಗದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ. ಅವನ ಕೆಲಸದ ಮೇಲೆ ಯಾರೂ ದೂರು ಹೇಳಿದ್ದಿಲ್ಲ. ಆದರೆ ಸಾಹೇಬರ ಕೋಣೆಗೆ ಹೋದಾಗ ಬಾಗಿಲ ಹತ್ತಿರ ನಿಂತೇ ಮಾತಾಡಿ ಬರುವುದು ರೂಢಿಯಾಗಿಬಿಟ್ಟಿತ್ತು. ಮಗನ ವಯಸ್ಸಿನ ಇಂಜಿನಿಯರು ಕುರ್ಚಿಯಲ್ಲಿ ಒರಗಿ ಮಾತಾಡುವಾಗ ಇವನು ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿರುತ್ತಿದ್ದ. ಅದನ್ನು ಅವಮಾನವೆಂದು ಅವನು ಯಾವತ್ತೂ ಬಾಯಿಬಿಟ್ಟು ಹೇಳಿದವನಲ್ಲ.

ಸ್ವಪ್ನಾಳಿಗೆ ವಿಮಾನದ ಹುಚ್ಚು ಹಿಡಿದದ್ದು ಕಾಲೇಜಿನ ಎನ್‌ಸಿಸಿ ಶಿಬಿರದಲ್ಲಿ. ಇಬ್ಬರೇ ಕೂರುವ ಪುಟ್ಟ ವಿಮಾನದಲ್ಲಿ ಒಮ್ಮೆ ಅವಳನ್ನು ಮೇಲೆ ಕರೆದುಕೊಂಡು ಹೋಗಿದ್ದರು. ಕೆಳಗಿಳಿದ ಮೇಲೆ ಗೆಳತಿಯರು ಮೋಡದ ಮಾತು, ಹೊಲದ ಮಾತು ಆಡುತ್ತಿದ್ದರೆ, ಇವಳ ತಲೆಯಲ್ಲಿ ಉಳಿದದ್ದು ಅಧಿಕಾರಿ ಒಂದು ಗಳಿಗೆ ಕಂಟ್ರೋಲಿನಿಂದ ಕೈ ಬಿಟ್ಟು, ಹಿಡಿದುಕೋ ಎಂದದ್ದು. ಹಿಡಿದಿದ್ದಳು. ವಿಮಾನ ನೆಟ್ಟಗೆ ಹೋಗಿತ್ತು.

ಬಿ.ಎಸ್ಸಿ. ಮುಗಿದ ಮೇಲೆ ಮನೆಯಲ್ಲಿ ಮಾತು ತೆಗೆದಳು. ಕಂಪನಿ ವಿಮಾನ ನಡೆಸುವ ದೊಡ್ಡ ಲೈಸೆನ್ಸು ತಮ್ಮ ಅಳವಿಗೆ ಮೀರಿದ್ದು ಎಂದು ಅವಳಿಗೆ ಗೊತ್ತಿತ್ತು. ಮೊದಲು ಪ್ರೈವೇಟ್ ಪೈಲಟ್ ಲೈಸೆನ್ಸು ತೆಗೆದುಕೊಳ್ಳುವುದು, ಅದು ಕೈಗೆ ಬಂದರೆ ಮುಂದಿನ ದಾರಿ ನೋಡುವುದು ಎಂದು ಲೆಕ್ಕ ಹಾಕಿದ್ದಳು. ತಾಯಿ ಮಾಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ‘‘ಮ್ಯಾಲೆ ಹೋಗಿ ಏನ ಮಾಡೂದೈತಿ? ಕೆಳಗ ಮಾಡಾಕ ಕೆಲಸ ಇಲ್ಲೇನು?’’ ಅಂದಳು. ಆದರೆ ಮಹಾಂತಪ್ಪ ಮಗಳು ಅಂದುಕೊಂಡದ್ದಕ್ಕಿಂತ ಬೇಗ ಒಪ್ಪಿದ.

‘‘ನಮ್ಮ ಡಿಪಾರ್ಟ್‌ಮೆಂಟಿನಾಗ ಯಾರ ಮಗಳೂ ಇದನ್ನ ಮಾಡಿಲ್ಲ,’’ ಅಂದ. ‘‘ಆದ್ರ ಸಾಲಿ ಯಾವುದಂತ ನಾ ಕಣ್ಣಾರೆ ನೋಡಿ ಹೇಳಾಂವ.’’

ಸ್ವಪ್ನಾ ಎಲ್ಲ ಕಡೆ ವಿಚಾರಿಸಿ ಎರಡು ಶಾಲೆ ಗುರುತು ಹಾಕಿಕೊಂಡಳು.

ಮೊದಲನೆಯದು ಮಹಾರಾಷ್ಟ್ರದೊಳಗೆ, ರೈಲಿಳಿದು ಮತ್ತೆ ಬಸ್ಸು ಹತ್ತಬೇಕಾದ ಊರಿನಲ್ಲಿತ್ತು. ಕಟ್ಟಡ ಅಂತ ಹೇಳುವಂಥದ್ದೇನೂ ಇರಲಿಲ್ಲ. ಒಂದು ತಗಡಿನ ಶೆಡ್ಡು, ಪಕ್ಕದಲ್ಲಿ ಆಫೀಸಿನ ಕೋಣೆ. ಅದನ್ನು ನಡೆಸುತ್ತಿದ್ದವರು ಶಾಂತಾದೇವಿ ಎಂಬ ವಯಸ್ಸಾದ ಇನ್‌ಸ್ಟ್ರಕ್ಟರ್, ಮೂಲತಃ ಬೆಳಗಾವಿಯವರು. ತಂದೆ ಮಗಳು ಹೋದಾಗ ಅವರು ಬಿಸಿಲಲ್ಲಿ ನಿಂತು, ಆಗತಾನೇ ಇಳಿದ ಹುಡುಗನೊಬ್ಬನನ್ನು ಬೈಯುತ್ತಿದ್ದರು. ಬೈದು ಮುಗಿಸಿ ಇವರ ಕಡೆ ತಿರುಗಿದರು.

‘‘ಮೆಡಿಕಲ್ ಆಗೇತೇನು?’’ ಎಂದು ಸ್ವಪ್ನಾಳನ್ನು ಕೇಳಿದರು.

‘‘ಇನ್ನೂ ಇಲ್ರಿ ಮೇಡಮ್.’’

‘‘ಮೊದಲ ಅದನ್ನ ಮಾಡಿಸು. ಕಣ್ಣು ಕಿವಿ ಸರಿ ಇಲ್ಲ ಅಂತ ಬಂತಂದ್ರ ರೊಕ್ಕ ಕಟ್ಟಿ ಏನ್ ಮಾಡ್ತಿ? ಇವತ್ತು ನಾ ನಿನ್ನ ಕಡೆಯಿಂದ ಏನೂ ತಗೊಳ್ಳೂದಿಲ್ಲ. ಮೆಡಿಕಲ್ ಮುಗಿಸಿಕೊಂಡು ಬಾ.’’ ಆಮೇಲೆ ಮಹಾಂತಪ್ಪನ ಕಡೆ ನೋಡಿ, ‘‘ಹುಡುಗೀನ ತಿಂಗಳಿಗೊಮ್ಮೆ ಮನಿಗೆ ಕಳಸ್ರಿ ಅಂತ ಫೋನ್ ಮಾಡಬ್ಯಾಡ್ರಿ. ಹವಾ ಛಲೋ ಇದ್ದಾಗ ಇಲ್ಲೇ ಇರಬೇಕು,’’ ಅಂದು, ಇನ್ನೊಬ್ಬ ವಿದ್ಯಾರ್ಥಿಯನ್ನು ಕರೆದುಕೊಂಡು ವಿಮಾನದ ಕಡೆ ನಡೆದುಬಿಟ್ಟರು.

ಸ್ವಪ್ನಾ ಮಧ್ಯಾಹ್ನದವರೆಗೂ ಬೇಲಿಯ ಪಕ್ಕದ ಬೇವಿನ ಮರದ ಕೆಳಗೆ ನಿಂತು ನೋಡಿದಳು. ಇದ್ದ ವಿಮಾನಗಳು ಹಳೆಯವು, ಬಣ್ಣ ಹೋದವು. ಆದರೆ ಒಂದು ಇಳಿಯುವಷ್ಟರಲ್ಲಿ ಇನ್ನೊಂದು ಏರುತ್ತಿತ್ತು. ಅಲ್ಲಿನ ಹುಡುಗರನ್ನು ಮಾತಾಡಿಸಿದಾಗ ಅವರು ಊಟದ ಬಗ್ಗೆ, ಬಾಡಿಗೆ ಕೋಣೆಯ ಬಗ್ಗೆ, ಮೇಡಮ್ಮರ ಬಾಯಿಯ ಬಗ್ಗೆ ದೂರಿದರು. ಹಾರಾಟ ಸಿಗುವುದಿಲ್ಲ ಎಂದು ಒಬ್ಬನೂ ಹೇಳಲಿಲ್ಲ.

ಎರಡನೆಯ ಶಾಲೆ ಬಯಲುಸೀಮೆಯ ಒಂದು ಹಳೆಯ ರನ್‌ವೇ ಪಕ್ಕದಲ್ಲಿತ್ತು. ಗಾಜಿನ ಬಾಗಿಲು, ತಂಪು ಕೋಣೆ, ಹೆಣ್ಣುಮಕ್ಕಳಿಗೆ ಬೇರೆ ಹಾಸ್ಟೆಲ್ಲು. ಟೈ ಕಟ್ಟಿದ ಮ್ಯಾನೇಜರು ಎದ್ದು ಬಂದು ಮಹಾಂತಪ್ಪನ ಕೈಕುಲುಕಿ, ‘‘ಬನ್ನಿ ಸರ್, ಕೂತ್ಕೊಳ್ಳಿ ಸರ್,’’ ಎಂದು ದೊಡ್ಡ ಕುರ್ಚಿ ಎಳೆದುಕೊಟ್ಟ. ಮಹಾಂತಪ್ಪ ಮೊದಲು ತುದಿಯಲ್ಲಿ ಕೂತ. ಮ್ಯಾನೇಜರು, ಆರಾಮಾಗಿ ಕೂತ್ಕೊಳ್ಳಿ ಸರ್ ಎಂದ ಮೇಲೆ ಹಿಂದೆ ಸರಿದು ಬೆನ್ನು ಆನಿಸಿ ಕೂತ. ಬಸಿಯಲ್ಲಿ ಕಪ್ಪಿಟ್ಟು ಚಹಾ ತಂದುಕೊಟ್ಟರು. ಕಾಗದ ಹೇಗೆ ತಯಾರಾಗುತ್ತದೆ ಎಂದು ಮ್ಯಾನೇಜರು ಆಸಕ್ತಿಯಿಂದ ಕೇಳಿದ. ಮಹಾಂತಪ್ಪ ಹೇಳುತ್ತಾ ಹೋದ. ತನ್ನ ತಂದೆ ಯಾರೆದುರಿಗಾದರೂ ಅಷ್ಟು ಹೊತ್ತು ಕೂತು ಮಾತಾಡಿದ್ದನ್ನು ಸ್ವಪ್ನಾ ನೋಡಿರಲಿಲ್ಲ.

ನೀರು ಕುಡಿಯುವ ನೆಪ ಮಾಡಿ ಅವಳು ಹಿಂದಿನ ಬಾಗಿಲಿನಿಂದ ವಿಮಾನ ನಿಲ್ಲಿಸುವ ಹ್ಯಾಂಗರಿನ ಕಡೆ ಹೋದಳು. ಎರಡು ವಿಮಾನಗಳಿದ್ದವು. ಒಂದರ ಗಾಲಿಯಲ್ಲಿ ಗಾಳಿ ಇರಲಿಲ್ಲ, ಸುತ್ತ ಹುಲ್ಲು ಬೆಳೆದಿತ್ತು. ಇಂಜಿನ್ನಿನ ಮುಚ್ಚಳದ ಸಂದಿಯಿಂದ ಗುಬ್ಬಿ ತಂದಿಟ್ಟ ಕಡ್ಡಿಗಳು ಹೊರಚಾಚಿದ್ದವು. ಇನ್ನೊಂದು ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ತಾವು ಬಂದಾಗಿನಿಂದ ಒಮ್ಮೆಯೂ ಅಲ್ಲಾಡಿರಲಿಲ್ಲ. ಕ್ಯಾಂಟೀನಿನಲ್ಲಿ ಯೂನಿಫಾರ್ಮು ತೊಟ್ಟ ವಿದ್ಯಾರ್ಥಿಯೊಬ್ಬ ಕೇರಂ ಆಡುತ್ತಿದ್ದ.

‘‘ಇಲ್ಲಿ ಹೆಂಗ ಐತ್ರಿ?’’ ಎಂದು ಕೇಳಿದಳು.

‘‘ಅಡ್ಮಿಷನ್ ಆತೇನ್ರಿ?’’

‘‘ಇನ್ನೂ ಇಲ್ಲ.’’

ಅವನು ಆಫೀಸಿನ ಕಡೆ ಒಮ್ಮೆ ನೋಡಿದ. ‘‘ಹಂಗಾದ್ರ ಮನಿಗೆ ಹೋಗಿ ಸಮಾಧಾನದಿಂದ ವಿಚಾರ ಮಾಡ್ರಿ,’’ ಅಂದ.

ಅವಳು ತಿರುಗಿ ಬರುವಷ್ಟರಲ್ಲಿ ಅವಳ ಅಳತೆಯ ಬಿಳಿ ಅಂಗಿ ತೆಗೆದಿಟ್ಟಿದ್ದರು, ಭುಜಕ್ಕೆ ಪಟ್ಟಿ ಇದ್ದದ್ದು. ತೊಡಿಸಿ, ಗಾಲಿಯಲ್ಲಿ ಗಾಳಿ ಇದ್ದ ವಿಮಾನದ ಮುಂದೆ ತಂದೆ ಮಗಳನ್ನು ನಿಲ್ಲಿಸಿ ಫೋಟೋ ತೆಗೆದರು.

ಬಸ್ಸಿನಲ್ಲಿ ಸ್ವಪ್ನಾ ಬಾಯಿಬಿಟ್ಟಳು. ‘‘ಅಪ್ಪಾ, ಇಲ್ಲಿ ಒಂದ ವಿಮಾನನೂ ಹಾರಲಿಲ್ಲ, ನೋಡ್ದಿ?’’

‘‘ಇವತ್ತ ಗಾಳಿ ಭಾಳ ಐತಿ ಅಂದ್ರು.’’

‘‘ಆ ಮೇಡಮ್ಮಾರ ಕಡೆ ಇದಕ್ಕಿಂತ ಜೋರ ಗಾಳಿ ಇತ್ತು.’’

‘‘ಆಕಿ ಕುಂದರ್ರಿ ಅಂತ ಒಂದ ಮಾತ ಅಂದಳೇನು? ಮಕ್ಕಳನ್ನ ಬಿಡಾಕ ಬಂದವರ ಜೊತಿ ಮಾತಾಡೂ ರೀತಿ ಏನದು? ಇವರು ನೋಡು, ನಾ ಯಾರು ಏನು ಅಂತ ಎಲ್ಲಾ ಕೇಳಿದ್ರು.’’ ಮಹಾಂತಪ್ಪ ಕಿಟಕಿಯ ಹೊರಗೆ ನೋಡುತ್ತಾ ಇನ್ನೊಮ್ಮೆ ಹೇಳಿದ, ‘‘ಎಲ್ಲಾ ಕೇಳಿದ್ರು.’’

ಗಾಲಿಯ ಮಾತು, ಗುಬ್ಬಿಯ ಮಾತು, ಆ ವಿದ್ಯಾರ್ಥಿಯ ಮಾತು ಎಲ್ಲ ಅವಳ ನಾಲಿಗೆಯ ಮೇಲಿತ್ತು. ತಂದೆಯ ಮುಖ ನೋಡಿ ನುಂಗಿಕೊಂಡಳು. ಪಿಎಫ್ ಹಣ ತೆಗೆದು ಅವನು ಆ ಶಾಲೆಗೇ ಕಟ್ಟಿದ.

ಅಲ್ಲಿ ಅವಳು ಕಳೆದದ್ದು ಎರಡು ವರ್ಷ. ಪಾಠ ನಡೆಯಿತು, ಪರೀಕ್ಷೆಗಳನ್ನು ಒಂದೇ ಸಲಕ್ಕೆ ಪಾಸು ಮಾಡಿದಳು. ಹಾರಾಟ ಮಾತ್ರ ಸರತಿಯ ಮೇಲೆ. ಕೆಲಸ ಮಾಡುವ ವಿಮಾನ ಒಂದೇ, ಕಾಯುವವರು ಹಾಸ್ಟೆಲ್ ತುಂಬ. ತಿಂಗಳಲ್ಲಿ ಒಂದೆರಡು ಸಲ ಅವಳ ಪಾಳಿ ಬರುತ್ತಿತ್ತು. ಹಿಂದಿನ ಸಲ ಕಲಿತದ್ದು ಅಷ್ಟರಲ್ಲಿ ಕೈ ಬಿಟ್ಟುಹೋಗಿರುತ್ತಿತ್ತು. ಕಲಿಸಲು ಇದ್ದ ತರುಣ ಇನ್‌ಸ್ಟ್ರಕ್ಟರ್ ಒಳ್ಳೆಯವನೇ. ಒಂದು ಸಂಜೆ ಇಳಿದ ಮೇಲೆ ಅವನು, ಇನ್ನೊಂದು ಸಲ ಹೀಗೇ ಇಳಿಸಿದರೆ ನಿನ್ನೊಬ್ಬಳನ್ನೇ ಹಾರಲು ಬಿಡುತ್ತೇನೆ ಎಂದ. ಅವಳು ಮನೆಗೆ ಫೋನ್ ಮಾಡಿ ಹೇಳಿದಳು. ಮಹಾಂತಪ್ಪ ಮರುದಿನ ಕಾರ್ಖಾನೆಯಲ್ಲಿ ತನ್ನ ಇಡೀ ಪಾಳಿಗೆ ಪೇಢೆ ಹಂಚಿದ.

ಆ ಇನ್ನೊಂದು ಸಲ ಬರಲಿಲ್ಲ. ಇಂಜಿನ್ನಿನಲ್ಲಿ ದೋಷ ಕಂಡು ವಿಮಾನವನ್ನು ರಿಪೇರಿಗೆ ಒಯ್ದರು. ಮಳೆ ಬಂತು, ಮಳೆ ಹೋಯಿತು. ಸಂಬಳ ಬರದೆ ಇನ್‌ಸ್ಟ್ರಕ್ಟರ್ ಬೇರೆ ಕೆಲಸ ಹಿಡಿದ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಪೆಟ್ಟಿಗೆ ಎತ್ತಿದರು. ಮ್ಯಾನೇಜರು ಸಿಕ್ಕಾಗಲೆಲ್ಲ ಮುಂದಿನ ವಾರ ಎನ್ನುತ್ತಿದ್ದ. ಆಮೇಲೆ ಸಿಗುವುದನ್ನೇ ಬಿಟ್ಟ. ಒಂದು ದಿನ ಗಾಜಿನ ಬಾಗಿಲಿಗೆ ಬೀಗ ಬಿದ್ದಿತ್ತು. ಕೆಲವರು ಕೋರ್ಟಿಗೆ ಹೋದರು. ಕೇಸು ಇನ್ನೂ ನಡೆದಿದೆ. ಶಾಂತಾದೇವಿಯವರ ಶಾಲೆಗೆ ಸೇರಲು ಹೊಸದಾಗಿ ಹಣ ಬೇಕು. ತಂದೆಯನ್ನು ಎರಡನೆಯ ಸಲ ಕೇಳುವ ಮುಖ ಅವಳಿಗಿರಲಿಲ್ಲ.

ಮನೆಗೆ ಬಂದರೆ ನಡುಮನೆಯ ಗೋಡೆಯ ಮೇಲೆ ಆ ಫೋಟೋ ಕಟ್ಟು ಹಾಕಿಸಿಕೊಂಡು ಕೂತಿತ್ತು. ಮಹಾಂತಪ್ಪ ಬಂದವರಿಗೆಲ್ಲ, ಮಗಳು ಪೈಲಟ್, ಕಂಪನಿ ಕರೆಯುವುದನ್ನು ಕಾಯುತ್ತಿದ್ದಾಳೆ ಎನ್ನುತ್ತಿದ್ದ. ಹುಡುಗಿ ನೋಡಲು ಬಂದವರಿಗೂ ಅದನ್ನೇ ಹೇಳಿದ. ಸ್ವಪ್ನಾ ಒಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಟ್ಯೂಷನ್ ಕೆಲಸ ಸಿಕ್ಕಾಗ ಅವನು, ‘‘ಟೈಮ್‌ಪಾಸಿಗೆ ಹೋಗ್ತಾಳ,’’ ಅಂದ.

ಹೋದ ವರ್ಷ ಹಳಿಯಾಳ ಕಡೆಯ ಗೋದುಬಾಯಿ ಎಂಬ ಹೆಂಗಸು ಮಗಳು ಜ್ಯೋತಿಯನ್ನು ಕರೆದುಕೊಂಡು ಅವರ ಮನೆಗೆ ಬಂದಳು. ಜ್ಯೋತಿ ಸ್ವಪ್ನಾಳ ಬಳಿಯೇ ಟ್ಯೂಷನ್ ಕಲಿತವಳು, ಲೆಕ್ಕದಲ್ಲಿ ಚುರುಕು. ಅವಳಿಗೂ ವಿಮಾನ ಕಲಿಯಬೇಕಾಗಿತ್ತು. ಯಾವ ಶಾಲೆಗೆ ಹಾಕಬೇಕು ಎಂದು ಕೇಳಲು ಬಂದಿದ್ದರು. ಸ್ವಪ್ನಾ ಚಹಾ ತರುವಷ್ಟರಲ್ಲಿ ಮಹಾಂತಪ್ಪ ಮಾತು ಶುರು ಮಾಡಿದ್ದ.

‘‘ನಮ್ಮ ಸಪ್ನಾ ಕಲ್ತ ಸಾಲೀನ ಛಲೋ ಐತ್ರಿ. ನಡುವ ಬಂದ್ ಬಿದ್ದಿತ್ತು, ಈಗ ಹೊಸ ಹೆಸರಿನ್ಯಾಗ ಮತ್ತ ಸುರು ಮಾಡ್ಯಾರ. ಮ್ಯಾನೇಜರ್ ಇನ್ನೂ ನನಗ ಫೋನ್ ಮಾಡ್ತಾನ. ಸರ್, ನಿಮ್ಮ ಕಡೆಯವರು ಯಾರರೆ ಇದ್ರ ಕಳಸ್ರಿ ಅಂತಾನ. ನಾ ಒಂದ ಮಾತ ಹೇಳ್ತೇನಿ.’’

ಸ್ವಪ್ನಾ ಚಹಾದ ತಟ್ಟೆ ಕೆಳಗಿಟ್ಟಳು.

‘‘ಬಾಯಾರ, ಅಲ್ಲಿಗೆ ಕಳಸಬ್ಯಾಡ್ರಿ. ನಾ ಪೈಲಟ್ ಅಲ್ಲ. ಒಬ್ಬಾಕಿನ ಒಂದ ಸಲಾನೂ ಹಾರಿಲ್ಲ. ಅವರು ಮೋಸ ಮಾಡಾವರು.’’

‘‘ಹಂಗಲ್ರಿ, ಹವಾ ಕೆಟ್ಟಿತ್ತು, ಅದಕ್ಕ—’’ ಎಂದ ಮಹಾಂತಪ್ಪ.

‘‘ಹವಾ ಸರಿ ಇತ್ತಪ್ಪ. ವಿಮಾನ ಇರಲಿಲ್ಲ. ನಾವು ನೋಡಾಕ ಹೋದ ದಿನಾನ ನನಗ ಗೊತ್ತಾಗಿತ್ತು.’’

ಮಹಾಂತಪ್ಪನ ದನಿ ಸಣ್ಣಗಾಯಿತು. ‘‘ಗೊತ್ತಿತ್ತಂದ್ರ ಆವತ್ತ ಯಾಕ ಹೇಳಲಿಲ್ಲ?’’

‘‘ಅವರು ನಿನಗ ಸರ್ ಅಂದ್ರು. ಅದನ್ನ ಕೆಡಸಾಕ ಮನಸ್ಸು ಬರಲಿಲ್ಲ.’’

ಹೊರಗಿನವರೆದುರು ಈ ಮಾತು ಆಡಬಾರದಿತ್ತು ಎಂದು ಆಡಿದ ಕೂಡಲೇ ಅವಳಿಗೆ ಅನಿಸಿತು. ಮಹಾಂತಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಸ್ವಪ್ನಾ ಗೋದುಬಾಯಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಮೊದಲು ಮೆಡಿಕಲ್ ಮಾಡಿಸಿ, ಕಟ್ಟಡ ನೋಡಬೇಡಿ, ಒಂದು ದಿನ ನಿಂತು ಎಷ್ಟು ವಿಮಾನ ಹಾರುತ್ತವೆ ನೋಡಿ, ಅಲ್ಲಿ ಕಲಿಯುವವರನ್ನು ಮಾಲೀಕರಿಲ್ಲದಾಗ ಕೇಳಿ ಎಂದಳು. ಶಾಂತಾದೇವಿಯವರ ನಂಬರನ್ನೂ ಕೊಟ್ಟಳು. ಗೋದುಬಾಯಿ ತಲೆಯಾಡಿಸುತ್ತಾ ಕೇಳಿದಳು. ಜ್ಯೋತಿ ನಂಬರನ್ನು ಎರಡು ಸಲ ಓದಿ ಹೇಳಿ ಸರಿ ಇದೆಯೇ ಎಂದು ನೋಡಿಕೊಂಡಳು.

ಅಂದಿನಿಂದ ತಂದೆ ಮಗಳ ಮಾತು ನಿಂತಿತು. ಊಟಕ್ಕೆ ಕರೆಯುವುದಿದ್ದರೂ ಮಾಲವ್ವನ ಮೂಲಕವೇ. ‘‘ಇಬ್ಬರ ನಡುವ ನಾ ಎಷ್ಟ ದಿನ ಅಂತ ಓಡ್ಯಾಡ್ಲಿ?’’ ಎಂದು ಅವಳು ಗೊಣಗುತ್ತಾಳೆ, ಓಡಾಡುತ್ತಲೇ ಇದ್ದಾಳೆ. ಮಹಾಂತಪ್ಪ ಈಗ ಯಾರಿಗೂ ಮಗಳ ಸುದ್ದಿ ಹೇಳುವುದಿಲ್ಲ. ಕೇಳಿದರೆ, ‘‘ಇದ್ದಾಳ,’’ ಅನ್ನುತ್ತಾನೆ.

ಕೆಲವು ತಿಂಗಳಾದ ಮೇಲೆ ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಜ್ಯೋತಿ ಕಂಡಳು. ಕೈಯಲ್ಲಿ ದೊಡ್ಡ ಬ್ಯಾಗಿತ್ತು. ಬೆಳಗಾವಿಯಲ್ಲಿ ನರ್ಸಿಂಗಿಗೆ ಸೇರಿಸಿದ್ದಾರೆ ಎಂದಳು.

‘‘ಯಾಕ? ಆ ಮೇಡಮ್ಮಾರಿಗೆ ಫೋನ್ ಮಾಡಲಿಲ್ಲೇನು?’’

‘‘ಅವ್ವ ಮಾಡಾಕ ಬಿಡಲಿಲ್ರಿ. ಇಷ್ಟ ಶಾಣ್ಯಾಕಿಗೆ ಹಿಂಗಾಗೇತಿ ಅಂದ್ರ ನಿಂದೇನು ಅಂದಳು.’’ ಜ್ಯೋತಿ ನೆಲ ನೋಡುತ್ತಾ ಹೇಳಿದಳು. ‘‘ನೀವು ಆವತ್ತ ಸುಮ್ಮನ ಕುಂತಿದ್ರ ಆಗ್ತಿತ್ರಿ ಅಕ್ಕಾ.’’

‘‘ಆ ಸಾಲಿ ಬ್ಯಾಡ ಅಂದೆ ನಾನು. ಕಲೀಬ್ಯಾಡ ಅನ್ನಲಿಲ್ಲ.’’

‘‘ಅವ್ವಗ ಅಷ್ಟ ಸಾಕಾತು.’’

ಬೆಳಗಾವಿ ಬಸ್ಸು ಬಂತು. ಜ್ಯೋತಿ ಬ್ಯಾಗನ್ನು ಮೊಣಕಾಲಿನಿಂದ ತಳ್ಳಿಕೊಂಡು ಗದ್ದಲದಲ್ಲಿ ಹತ್ತಿಹೋದಳು. ಸ್ವಪ್ನಾ ಅವತ್ತು ಕ್ಲಾಸಿಗೆ ತಡವಾಗಿ ಹೋದಳು. ಸುಮ್ಮನಿದ್ದಿದ್ದರೆ ಆ ಹುಡುಗಿ ಕೇರಂ ಆಡುತ್ತಾ ವರ್ಷ ಕಳೆಯುತ್ತಿದ್ದಳು. ಹೇಳಿದ್ದಕ್ಕೆ ಅವಳು ವಿಮಾನದ ಹತ್ತಿರವೂ ಹೋಗಲಿಲ್ಲ. ಬೇರೆ ಏನು ಮಾಡಬಹುದಾಗಿತ್ತು ಎಂದು ಎಷ್ಟು ಯೋಚಿಸಿದರೂ ಅವಳಿಗೆ ಹೊಳೆಯಲಿಲ್ಲ.

ಈಗಲೂ ಒಬ್ಬಿಬ್ಬರು ತಮ್ಮ ಮಕ್ಕಳನ್ನು ಕರೆದುಕೊಂಡು ಬಂದು, ಯಾವ ಶಾಲೆ ಒಳ್ಳೆಯದು ಎಂದು ಅವಳನ್ನು ಕೇಳುವುದುಂಟು. ‘‘ನನಗ ಗೊತ್ತಿಲ್ರಿ,’’ ಎಂದು ಹೇಳಿ ಕಳಿಸುತ್ತಾಳೆ.