ದುಡ್ಡಿರುವ ಗಂಡು ಬೇಕು, ಹಾಡಿದರೂ ಪರವಾಗಿಲ್ಲ

ಹಳೆಯ ಹಾಲಿವುಡ್‌ನ ಹಾಡು-ಕುಣಿತದ ಸಿನಿಮಾಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈ ಮಾತನ್ನು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಹೇಳುವಂತಿಲ್ಲ, ಅದಕ್ಕೇ ನಿಮ್ಮ ಬಳಿ ಹೇಳುತ್ತಿದ್ದೇನೆ. ನನ್ನ ಗಂಡ ಹರೀಶ್ ವಾರವಿಡೀ ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಮುಖ ಗಂಟಿಕ್ಕಿಕೊಂಡು ಕಂಡವರ ಟ್ಯಾಕ್ಸ್ ಫೈಲು ನೋಡುವವರು. ಭಾನುವಾರ ಮಧ್ಯಾಹ್ನ ಊಟವಾದದ್ದೇ ತಡ, ಸೋಫಾದ ಮೇಲೆ ಕಾಲು ಚಾಚಿ, ಯಾವುದೋ ಕಾಲದ ಚೆಲುವೆಯೊಬ್ಬಳು ಮೆಟ್ಟಿಲಿಳಿಯುತ್ತ ಹಾಡುವುದನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಾರೆ. ಮದುವೆಯಾಗಿ ಹದಿನೆಂಟು ವರ್ಷವಾಯಿತು; ನಾನು ಜ್ವರ ಬಂದು ಮಲಗಿದಾಗ ಆ ಕಣ್ಣುಗಳಲ್ಲಿ ನೀರು ಬಂದದ್ದನ್ನು ಕಂಡಿಲ್ಲ.

ಕಥೆಯಾದರೂ ಏನು? ಕೈಯಲ್ಲಿ ಕಾಸಿಲ್ಲದ ಹುಡುಗಿಯೊಬ್ಬಳು ‘ಇನ್ನು ಆದರೆ ಶ್ರೀಮಂತನನ್ನೇ ಆಗುವುದು’ ಎಂದು ಪಣ ತೊಡುತ್ತಾಳೆ. ಕಾಸಿಲ್ಲದವಳ ಮೈಮೇಲೆ ಹಾಡಿಗೊಂದರಂತೆ ರೇಷ್ಮೆಯ ಗೌನು. ಸಮುದ್ರದ ಪಕ್ಕದ ದೊಡ್ಡ ಹೋಟೆಲಿಗೆ ಬಂದಿಳಿಯುತ್ತಾಳೆ. ಬಿಲ್ಲು ಯಾರು ಕಟ್ಟುತ್ತಾರೆಂದು ಯಾರೂ ಕೇಳುವುದಿಲ್ಲ. ಅಲ್ಲಿ ಇಬ್ಬರು ಗಂಡಸರು: ಒಬ್ಬ ದುಡ್ಡಿರುವ ಪೆದ್ದ, ಇನ್ನೊಬ್ಬ ದುಡ್ಡಿಲ್ಲದ ಹಾಡುಗಾರ. ಹಾಡುಗಾರ ಬಾಯಿ ತೆರೆದರೆ ಸಾಕು, ಪೊದೆಯ ಹಿಂದಿನಿಂದ ನಲವತ್ತು ಪಿಟೀಲು ಶುರು. ಆಗಷ್ಟೇ ಪರಿಚಯವಾದ ಇಬ್ಬರಿಗೂ ಒಂದೇ ಹೆಜ್ಜೆ, ಒಂದೇ ತಿರುವು ಹೇಗೋ ಗೊತ್ತಿರುತ್ತದೆ. ನನಗೂ ನನ್ನ ಗಂಡನಿಗೂ ಇಷ್ಟು ವರ್ಷವಾದರೂ ಅಡುಗೆಮನೆಯಲ್ಲಿ ಡಿಕ್ಕಿ ಹೊಡೆಯದೆ ಓಡಾಡಲು ಬರುವುದಿಲ್ಲ. ಕೊನೆಗೆ ಹುಡುಗಿ ದುಡ್ಡು ಬೇಡ, ಪ್ರೀತಿಯೇ ಸಾಕು ಎಂದು ಹಾಡುಗಾರನ ಕೈ ಹಿಡಿಯುತ್ತಾಳೆ. ಹಿಡಿದ ಮರುಕ್ಷಣ ಎಲ್ಲೋ ಅವನ ಚಿಕ್ಕಪ್ಪನೊಬ್ಬ ಸತ್ತು ಆಸ್ತಿ ಬರುತ್ತದೆ. ದುಡ್ಡು ಬಿಟ್ಟವರಿಗೇ ದುಡ್ಡು ಎಂಬ ಈ ವೇದಾಂತವನ್ನು ಬರೆದವರು ಸಿಡ್ನಿಯಲ್ಲಿ ಒಂದು ತಿಂಗಳೂ ರೆಂಟ್ ಕಟ್ಟಿದವರಲ್ಲ.

ಹೀಗೆ ಗೊಣಗುತ್ತ ನಾನು ಪಾತ್ರೆ ತೊಳೆಯುತ್ತಿದ್ದರೆ, ಹರೀಶ್‌ಗೆ ಸಿನಿಮಾ ನೋಡಲು ಒಬ್ಬಳು ಜೊತೆ ಸಿಕ್ಕಳು. ವೀಣಾ ಅಂತ, ದಾವಣಗೆರೆಯವಳು. ಓದಲು ಬಂದು, ಇಲ್ಲೇ ಕಾಯಂ ನೆಲೆಸಲು ಬೇಕಾದ ಪಿಆರ್ ಮಾಡಿಕೊಂಡು, ಚಾಟ್ಸ್‌ವುಡ್‌ನ ಆಫೀಸೊಂದರಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಕೆಲಸ ಮಾಡುತ್ತಿದ್ದಳು. ನಮ್ಮ ಮನೆಯ ಹಿಂದಿನ ರೂಮಿಗೆ ಬಾಡಿಗೆಗೆ ಬಂದಾಗ ಅವಳಿಗೆ ಮೂವತ್ತಮೂರು ವರ್ಷ, ಮತ್ತು ಅದು ಈ ದೇಶದಲ್ಲಿ ಅವಳ ಒಂಬತ್ತನೇ ಮನೆ. ಒಂದು ಭಾನುವಾರ ಪರದೆಯ ಚೆಲುವೆ ಪಣ ತೊಡುವ ಹೊತ್ತಿಗೆ ಸರಿಯಾಗಿ ಇವಳೂ ತೊಟ್ಟಳು.

“ಅಕ್ಕಾ, ನಾನೂ ಡಿಸೈಡ್ ಮಾಡೀನಿ. ರೊಕ್ಕ ಇರೋನ್ನೇ ಮದ್ವಿ ಆಗೋದು.”

“ಹಾಡ್ತಾನಾ ನೋಡ್ಕೋ,” ಎಂದೆ.

“ಹಾಡಿದ್ರೂ ಪರವಾಗಿಲ್ಲ ಬಿಡ್ರಿ. ಸ್ವಂತ ಮನಿ ಇರ್ಬೇಕು. ಬಾಡ್ಗಿ ಮನಿ ಏಜೆಂಟ್ ಇನ್‌ಸ್ಪೆಕ್ಷನ್ ಅಂತ ಬಂದು ನನ್ನ ಬಚ್ಚಲದ ಫೋಟೋ ತೆಗೀಬಾರ್ದು. ಗೋಡೆಗೆ ಒಂದ್ ಮೊಳೆ ಹೊಡೀಬೇಕು ಅಕ್ಕಾ, ಯಾರನ್ನೂ ಕೇಳ್ದೆ.”

ನಾನು ನಕ್ಕೆ, ತುಚ್ಛವಾಗಿಯೇ ನಕ್ಕೆ. ಆದರೆ ಹೀಗೆ ನಗುವ ಹಕ್ಕು ನಮ್ಮವರಿಗೆ ಎಲ್ಲಿದೆ ಹೇಳಿ. ಹಾಲಿವುಡ್‌ನ ಹುಡುಗಿ ಕದ್ದುಮುಚ್ಚಿ ಮಾಡುವುದನ್ನು ನಾವು ಅರಸಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಇಟ್ಟು, ನಾಲ್ಕು ಜನರನ್ನು ಕರೆದು ಮಾಡುತ್ತೇವೆ. ಕನ್ನಡದಲ್ಲಿ ವ್ಯಾಪಾರವೂ ಕುದುರುತ್ತದೆ, ಸಂಬಂಧವೂ ಕುದುರುತ್ತದೆ. ಎರಡಕ್ಕೂ ಬೇರೆ ಬೇರೆ ಕ್ರಿಯಾಪದ ಬೇಕೆಂದು ಇಷ್ಟು ಕಾಲವಾದರೂ ಯಾರಿಗೂ ಅನ್ನಿಸಿಲ್ಲ. ಒಂದು ಕಾಲಕ್ಕೆ ಗಂಡಿನವರು ತೆರ ಕೊಟ್ಟು ಹೆಣ್ಣು ತರುತ್ತಿದ್ದರು, ಆಮೇಲೆ ಹೆಣ್ಣಿನವರು ವರದಕ್ಷಿಣೆ ಕೊಟ್ಟು ಗಂಡು ತಂದರು. ದುಡ್ಡು ಹರಿಯುವ ದಿಕ್ಕು ಬದಲಾಯಿತೇ ಹೊರತು ಹರಿಯುವುದು ನಿಲ್ಲಲಿಲ್ಲ. ಕಾರ್ಕಳದ ನನ್ನ ಅಜ್ಜಿ ಮಾತ್ರ ಈ ತಾಪತ್ರಯದಿಂದ ಪಾರಾಗಿದ್ದರು. ಅವರದು ಅಳಿಯಕಟ್ಟಿನ ಕಾಲ. ಮನೆ ಹೆಂಗಸಿನದು, ಗದ್ದೆ ಹೆಂಗಸಿನದು, ಗಂಡ ಬಂದು ಹೋಗುವವನು. ಬಂದರೆ ಊಟ ಉಂಟು, ಮುನಿಸಿಕೊಂಡರೆ ದಾರಿ ಉಂಟು. ಮನೆಗೋಸ್ಕರ ಗಂಡನನ್ನು ಹುಡುಕುವುದೆಂದರೆ ಏನೆಂದು ಅವರಿಗೆ ಬಿಡಿಸಿ ಹೇಳಿದರೂ ಅರ್ಥವಾಗುತ್ತಿರಲಿಲ್ಲ.

ವೀಣಾಳ ಪಣದ ಸುದ್ದಿ ಹೇಗೋ ಹರಡಿ, ಮೆಲ್ಬರ್ನಿನಲ್ಲಿರುವ ಪರಿಚಯದ ಆಂಟಿಯೊಬ್ಬರು ಸಂಬಂಧ ತಂದರು. ಹುಡುಗನ ಹೆಸರು ಪ್ರಶಾಂತ್, ಮಂಡ್ಯದವನು, ಗೋದಾಮೊಂದರಲ್ಲಿ ಸೂಪರ್‌ವೈಸರ್. “ಕ್ಲೈಡ್ ನಾರ್ತ್‌ನಲ್ಲಿ ಎರಡು ಮನೆ ಇದೆಯಂತಮ್ಮ,” ಎಂದು ಆಂಟಿ ಫೋನಿನಲ್ಲಿ ದನಿ ತಗ್ಗಿಸಿದರು, ಎರಡು ಹೆಂಡತಿ ಇದ್ದಾರೆ ಎನ್ನುವವರ ಹಾಗೆ. ಒಂದು ಶನಿವಾರ ಬೆಳಿಗ್ಗೆ ವಿಮಾನದಲ್ಲಿ ಮೆಲ್ಬರ್ನಿಗೆ ಹೋಗಿ ನೋಡಿ ಬರುವುದೆಂದಾಯಿತು. ಹಿರಿಯಳ ಸ್ಥಾನದಲ್ಲಿ ನಾನು. ಹೊರಡುವ ಮುಂಚೆ ವೀಣಾ ನನ್ನ ನಾಲ್ಕು ಚಿನ್ನದ ಬಳೆ ಕೇಳಿ ಹಾಕಿಕೊಂಡಳು. “ಅವ್ರಿಗೂ ನಾನು ಸ್ವಲ್ಪ ಇದ್ದೋರ ಪೈಕಿ ಅನ್ಸ್ಬೇಕಲ್ಲ,” ಎಂದಳು.

ಕ್ಲೈಡ್ ನಾರ್ತ್‌ನ ಆ ಬೀದಿಯಲ್ಲಿ ಗಿಡಗಳನ್ನು ಇನ್ನೂ ಕೋಲಿಗೆ ಕಟ್ಟಿ ನಿಲ್ಲಿಸಿದ್ದರು. ಮನೆಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಪ್ರಶಾಂತನ ಮನೆಯ ಬಾಗಿಲೇ ನನ್ನ ಎರಡರಷ್ಟು ಎತ್ತರ. ಒಳಗೆ ತೂಗುದೀಪ, ತಿರುವು ಮೆಟ್ಟಿಲು. ಹರೀಶ್ ಬಂದಿದ್ದರೆ ಅಲ್ಲೇ ನಿಂತು ಹಾಡಿಗೆ ಕಾಯುತ್ತಿದ್ದರು. ಹುಡುಗ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಒಂದೊಂದೇ ಬಾಗಿಲು ತೆರೆದು ತೋರಿಸಿದ. “ಇದು ಥಿಯೇಟರ್ ರೂಮ್.” ಥಿಯೇಟರಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಬಟ್ಟೆ ಒಣಗಿಸುವ ಒಂದು ಸ್ಟ್ಯಾಂಡ್. “ಇದು ಫಾರ್ಮಲ್ ಡೈನಿಂಗ್.” ಅಲ್ಲಿ ಏನೂ ಇರಲಿಲ್ಲ, ಬಹಳ ಫಾರ್ಮಲ್ ಆಗಿ ಇರಲಿಲ್ಲ. ಮಹಡಿಯಲ್ಲಿ ಮುಚ್ಚಿದ್ದ ಮೂರು ಬಾಗಿಲುಗಳ ಮುಂದೆ ಅವನು ಸ್ವಲ್ಪ ಬೇಗ ಬೇಗ ನಡೆದ. ಕೆಳಗಿಳಿದು, ನಮಗೆ ಜ್ಯೂಸ್ ಕೊಡಲೆಂದು ಫ್ರಿಜ್ ತೆರೆದಾಗ ಗುಟ್ಟು ರಟ್ಟಾಯಿತು. ಒಳಗೆ ನಾಲ್ಕು ಹಾಲಿನ ಬಾಟಲಿ, ಒಂದೊಂದರ ಮೇಲೂ ಪೆನ್ನಿನಲ್ಲಿ ಬರೆದ ಬೇರೆ ಬೇರೆ ಹೆಸರು.

ಒಂಬತ್ತು ಮನೆ ಕಂಡವಳಿಗೆ ಆ ಫ್ರಿಜ್ಜಿನ ಭಾಷೆ ಚೆನ್ನಾಗಿಯೇ ಬರುತ್ತಿತ್ತು. “ಮ್ಯಾಲೆ ಎಷ್ಟ್ ಮಂದಿ ಅದಾರ್ರಿ?” ಎಂದಳು ವೀಣಾ.

ಪ್ರಶಾಂತ್ ಫ್ರಿಜ್ಜಿನ ಬಾಗಿಲು ಹಿಡಿದುಕೊಂಡೇ ನಿಂತ. “ಮೂರು ಜನ ಸ್ಟೂಡೆಂಟ್ಸು, ಬಾಡಿಗೆಗೆ.”

“ಮತ್ತ ಎರಡನೇ ಮನಿ?”

“ಎರಡನೇದಾ? ಆಂಟಿ ಮೇಲಿಂದೊಂದು ಕೆಳಗಿಂದೊಂದು ಅಂತ ಎಣಿಸ್ಕೊಂಡವ್ರೇನೋ.” ಆಮೇಲೆ ಫ್ರಿಜ್ ಮುಚ್ಚಿ, ನೇರವಾಗಿ ಅವಳ ಮುಖ ನೋಡಿದ. “ಸುಳ್ಳ್ಯಾಕೆ ಹೇಳ್ಲಿ. ಈ ಮನೆ ನಂದಲ್ಲ ಕಣ್ರೀ, ಬ್ಯಾಂಕ್‌ನೋರ್ದು. ಮಾರ್ಟ್‌ಗೇಜ್‌ಗೆ ಒಂದು ಸಂಬಳ ಸಾಲ್ತಿಲ್ಲ. ಇನ್ನೊಂದು ಸಂಬಳ ಬಂದ್ರೆ ಮನೆ ಉಳೀತದೆ ಅಂತಾನೇ ನಾನು ಈ ಸಂಬಂಧಕ್ಕೆ ಹ್ಞೂಂ ಅಂದಿದ್ದು. ನಿಮ್ದು ದೊಡ್ಡ ಪೋಸ್ಟು ಅಂದ್ರು ಆಂಟಿ.”

ವೀಣಾ ಬಳೆಗಳನ್ನು ಒಂದೊಂದಾಗಿ ತೆಗೆದು ನನ್ನ ಕೈಗೆ ಹಾಕಿದಳು. “ಇವು ಅಕ್ಕನ್ವು. ನಂದು ಕಾಂಟ್ರ್ಯಾಕ್ಟ್ ಕೆಲ್ಸ. ಮುಂದಿನ ತಿಂಗ್ಳು ಮುಗೀತೈತಿ. ಮುಂದುವರಸ್ತಾರೋ ಇಲ್ಲೋ ಗೊತ್ತಿಲ್ಲ.”

ಇಬ್ಬರು ಮೋಸಗಾರರೂ ಒಬ್ಬರನ್ನೊಬ್ಬರು ನೋಡಿ ನಗತೊಡಗಿದರು. ನಾನೊಬ್ಬಳೇ ಸಿಟ್ಟಿನಿಂದ ನಿಂತಿದ್ದೆ. ನಾನು ಇಷ್ಟು ವರ್ಷ ಬೈದುಕೊಂಡು ಬಂದ ಕಥೆಯನ್ನೇ, ನನ್ನಿಂದಲೇ ವಿಮಾನದ ಟಿಕೆಟ್ ತೆಗೆಸಿ, ನನ್ನ ಕಣ್ಣೆದುರೇ ಆಡಿ ತೋರಿಸುತ್ತಿದ್ದರಲ್ಲ! ಪಿಟೀಲು ಕೇಳಿಸಲಿಲ್ಲ ಎಂಬುದೊಂದೇ ಸಮಾಧಾನ. ಪಕ್ಕದ ಮನೆಯವರು ಹುಲ್ಲು ಕತ್ತರಿಸುವ ಮೆಷಿನ್ ಶುರು ಮಾಡಿದ್ದರು. ಕೂರಲು ಕುರ್ಚಿ ಇಲ್ಲದ್ದರಿಂದ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಅವನು ಮಾಡಿಟ್ಟಿದ್ದ ಉಪ್ಪಿಟ್ಟು ತಿಂದೆವು. ಉಪ್ಪಿಟ್ಟು ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು.

ಬರುವಾಗ ವಿಮಾನದಲ್ಲಿ ಬುದ್ಧಿ ಹೇಳಿದೆ: ಸಂಬಳ ನೋಡಿ ಮದುವೆಗೆ ಬಂದವನು, ಬಿಟ್ಟುಬಿಡು.

“ನಾನೂ ಮನಿ ನೋಡಿ ಹೋದಾಕಿನೇ ಅಲ್ಲೇನು ಅಕ್ಕಾ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ನೀವು ಹರೀಶಣ್ಣನ್ನ ಯಾಕ ಒಪ್ಕೊಂಡ್ರಿ?”

“ಒಳ್ಳೆಯವರು ಅನ್ನಿಸ್ತು,” ಎಂದೆ.

ಅಪ್ಪಟ ಸುಳ್ಳು. ನಿಮಗೆ ಮಾತ್ರ ನಿಜ ಹೇಳುತ್ತೇನೆ. ಅಪ್ಪ ನನ್ನ ಕೈಗೆ ಹರೀಶರ ಫೋಟೋ ಕೊಟ್ಟಾಗ ನಾನು ಮೊದಲು ಓದಿದ್ದು ಅದರ ಹಿಂಬದಿಯನ್ನು. ‘ಸಿಡ್ನಿ, ಪಿಆರ್ ಆಗಿದೆ’ ಎಂದು ಬರೆದಿತ್ತು. ಆಗಬಹುದು ಎಂದೆ. ತಿರುಗಿಸಿ ಮುಖ ನೋಡಿದ್ದು ಆಮೇಲೆ. ಹಾಲಿವುಡ್‌ನ ಆ ಹುಡುಗಿಗಾದರೂ ತೀರ್ಮಾನಕ್ಕೆ ಬರಲು ಏಳೆಂಟು ಹಾಡು ಬೇಕಾಗುತ್ತವೆ. ನನಗೆ ಮೂರು ಶಬ್ದ ಸಾಕಾಗಿತ್ತು. ಕಿಟಕಿಯ ಹೊರಗೆ ಮೋಡ ನೋಡುತ್ತ ಕೂತೆ. ಸಿಡ್ನಿ ಬರುವವರೆಗೆ ಯಾರಿಗೂ ಬುದ್ಧಿ ಹೇಳಲಿಲ್ಲ.

ಅಲ್ಲಿಂದಾಚೆ ವೀಣಾ, ಪ್ರಶಾಂತ್ ಇಬ್ಬರೂ ದಿನಾ ರಾತ್ರಿ ಫೋನಿನಲ್ಲಿ ಮಾತಾಡುತ್ತಿದ್ದರು. ಮುಂದಿನ ತಿಂಗಳು ವೀಣಾಳ ಕಾಂಟ್ರ್ಯಾಕ್ಟ್ ಮುಗಿಯಿತು, ಮುಂದುವರಿಸಲಿಲ್ಲ. ಪ್ರಶಾಂತನಿಗೆ ಅವಳೇ ಫೋನ್ ಮಾಡಿ, ಎರಡನೇ ಸಂಬಳದ ಆಸೆ ಬಿಡಿ, ಬೇರೆ ಹುಡುಗಿ ನೋಡಿಕೊಳ್ಳಿ ಎಂದು ಹೇಳಿದಳು. ಹೇಳಿ ರೂಮಿನ ಬಾಗಿಲು ಹಾಕಿಕೊಂಡಳು. ಎರಡು ವಾರ ಊಟಕ್ಕೆ ಕರೆದರೆ ಹಸಿವಿಲ್ಲ, ಸಿನಿಮಾಕ್ಕೆ ಕರೆದರೆ ತಲೆನೋವು. ಆ ಕೆಂಪಗಾದ ಕಣ್ಣು ಹೋದ ಕೆಲಸಕ್ಕೋ ಬಿಟ್ಟ ಹುಡುಗನಿಗೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮೂರನೇ ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ಪ್ರಶಾಂತ್ ನಿಂತಿದ್ದ. ಮೆಲ್ಬರ್ನಿನಿಂದ ಒಂಬತ್ತು ಗಂಟೆ ಕಾರು ಓಡಿಸಿಕೊಂಡು ಬಂದಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಹರೀಶ್ ಟಿವಿ ಆರಿಸಿದರು. ಸದ್ದು ಕೇಳಿ ವೀಣಾ ಹೊರಗೆ ಬಂದಳು.

“ಮನೆ ಮಾರಕ್ಕೆ ಹಾಕ್ಬುಟ್ಟೆ,” ಎಂದ ನಿಂತಲ್ಲೇ. “ಬ್ಯಾಂಕಿಗೆ ಕಟ್ಟುದ್ರೆ ಉಳಿಯೋದು ಏನೂ ಇಲ್ಲ. ಒಂದು ಚಿಕ್ಕ ಯೂನಿಟ್ಟು ರೆಂಟಿಗೆ ನೋಡಿದೀನಿ. ಈಗ ನಿಮಗೆ ಕೆಲಸ ಇಲ್ಲ, ನನಗೆ ಮನೆ ಇ‍ಲ್ಲ. ಅದಕ್ಕೇ ಈಗ ಕೇಳಕ್ಕೆ ಬಂದೆ. ಆವತ್ತೇ ಕೇಳಿದ್ರೆ ಸಂಬಳ ಕೇಳ್ದಂಗಾಗ್ತಿತ್ತು.”

ಹರೀಶ್ ಕಣ್ಣೊರೆಸಿಕೊಂಡರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ. ಈರುಳ್ಳಿ ಹೆಚ್ಚುತ್ತಿದ್ದೆ ಎಂದೇ ಇಟ್ಟುಕೊಳ್ಳಿ. ವೀಣಾ ಸಿನಿಮಾದವಳಲ್ಲ, ಓಡಿ ಹೋಗಿ ತಬ್ಬಿಕೊಳ್ಳಲಿಲ್ಲ. “ಮೊದ್ಲು ನಂಗೊಂದು ಕೆಲ್ಸ ಸಿಗ್ಲಿ. ನಿಮ್ಮ ರೊಕ್ಕದಾಗ ಕುಂತು ಉಣ್ಣಾಕ ನಂಗಾಗಂಗಿಲ್ಲ,” ಎಂದಳು. ಆಮೇಲೆ ದನಿ ಬದಲಾಗಿ, “ಊಟ ಮಾಡೀರೇನು?” ಎಂದಳು. ಅವನು ಇಲ್ಲ ಎಂದು ತಲೆಯಾಡಿಸಿದ. ಎರಡು ವಾರದ ಮೇಲೆ ಅವಳೂ ಅವತ್ತು ಹೊಟ್ಟೆ ತುಂಬ ಉಂಡಳು.

ಕೆಲಸ ಸಿಗಲು ನಾಲ್ಕು ತಿಂಗಳು ಹಿಡಿಯಿತು, ಅದೂ ಮೆಲ್ಬರ್ನಿನಲ್ಲಿ, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಸಿನಿಮಾದಲ್ಲಾಗಿದ್ದರೆ ಈ ಹೊತ್ತಿಗೆ ಚಿಕ್ಕಪ್ಪ ಸಾಯಬೇಕಿತ್ತು. ಪ್ರಶಾಂತನಿಗೆ ಮಂಡ್ಯದಲ್ಲಿ ನಿಜಕ್ಕೂ ಒಬ್ಬರು ಚಿಕ್ಕಪ್ಪ ಇದ್ದಾರೆ. ಗಟ್ಟಿಮುಟ್ಟಾಗಿದ್ದಾರೆ, ಟ್ರ್ಯಾಕ್ಟರ್ ರಿಪೇರಿಗೆಂದು ಆಗಾಗ ಇವನನ್ನೇ ದುಡ್ಡು ಕೇಳುತ್ತಾರೆ.

ಮದುವೆ ರಿಜಿಸ್ಟರ್ ಆದದ್ದು ಮೆಲ್ಬರ್ನಿನಲ್ಲಿ. ಪಾರ್ಕೊಂದರ ಚಪ್ಪರದಡಿ ಇಪ್ಪತ್ತು ಜನರಿಗೆ ಊಟ. ಎರಡು ಮನೆಯ ಆಂಟಿ ಎರಡು ಸಲ ಪಾಯಸ ಹಾಕಿಸಿಕೊಂಡು, ‘ನಾನು ಆಗಲೇ ಹೇಳಿರಲಿಲ್ವಾ, ಹುಡುಗ ಬಂಗಾರ’ ಎಂದು ಎಲ್ಲರಿಗೂ ಹೇಳುತ್ತಿದ್ದರು. ಸಂಜೆ ನಾನೂ ಹರೀಶರೂ ಏರ್‌ಪೋರ್ಟಿನಲ್ಲಿ ಕಾಫಿ ಹಿಡಿದು ಕೂತಿದ್ದಾಗ, ಆ ಇಬ್ಬರ ಪ್ರಾಮಾಣಿಕತೆ ನನಗೂ ಅಂಟಿತೋ ಏನೋ, ಬಾಯಿಬಿಟ್ಟೆ.

“ನಾನು ನಿಮ್ಮನ್ನು ಒಪ್ಪಿದ್ದು ಪಿಆರ್ ನೋಡಿ.”

ಹರೀಶ್ ಕಪ್ಪಿನಿಂದ ತಲೆಯೆತ್ತಲಿಲ್ಲ. “ಗೊತ್ತುಂಟು ಮಾರಾಯ್ತಿ. ಫೋಟೋದ ಹಿಂದೆ ಬರೆದದ್ದು ನಾನೇ ಅಲ್ವಾ?”

“ಮತ್ತೆ ನೀವು ನನ್ನನ್ನು ಒಪ್ಪಿದ್ದು ಎಂತದ್ದಕ್ಕೆ?”

“ನಿಮ್ಮ ಮನೆಯ ಕೋಳಿ ಗಸಿಗೆ. ನಿನ್ನನ್ನು ನೋಡಲಿಕ್ಕೆ ಬಂದ ದಿನ ಮೂರು ಸಲ ಹಾಕಿಸಿಕೊಂಡೆ. ಹುಡುಗಿಯೇ ಮಾಡಿದ್ದು ಅಂತ ನಿನ್ನ ಅಮ್ಮ ಹೇಳಿದ್ರು.”

“ಅದು ಪಕ್ಕದ ಮನೆಯ ಗುಲಾಬಿ ಅಕ್ಕ ಮಾಡಿದ್ದು,” ಎಂದು ಒಪ್ಪಿಕೊಂಡೆ.

“ಅದೂ ಗೊತ್ತುಂಟು. ಸಿಡ್ನಿಗೆ ಬಂದ ವಾರ ನೀನು ಕೋಳಿ ಮಾಡಿದ್ದೆಯಲ್ಲ, ಆಗಲೇ ಗೊತ್ತಾಯ್ತು.”

ಆ ಕೋಳಿ ನನಗೂ ನೆನಪಿದೆ. ತಳ ಹಿಡಿದಿತ್ತು, ಉಪ್ಪು ಮರೆತಿದ್ದೆ. ಏನೋ ಒಂದು ಲಾಭ ನೋಡಿ ಮದುವೆಯಾಗುವವರನ್ನು ನಾನು ಇನ್ನು ಹಂಗಿಸಲಾರೆ. ಆ ಲಾಭ ಕೈಕೊಟ್ಟ ಮೇಲೆ ತಟ್ಟೆ ಬಿಟ್ಟು ಏಳುತ್ತಾರೋ ಕೂರುತ್ತಾರೋ, ನೋಡಬೇಕಾದ್ದು ಅದನ್ನು. ಹರೀಶ್ ಅವತ್ತು ಒಂದು ಮಾತೂ ಆಡದೆ ಆ ಕೋಳಿಯನ್ನು ಪೂರ್ತಿ ತಿಂದಿದ್ದರು, ಮೇಲಿಂದ ಇನ್ನೊಂದು ಸೌಟು ಹಾಕಿಸಿಕೊಂಡು.