ನಲವತ್ತೊಂದು ಕಲ್ಲು ನಿಲ್ಲಿಸಿದವರು

ಜೋಳ ಕೊಯ್ದ ಹೊಲದಲ್ಲಿ ಬಿಳಿ ನಿಶಾನೆಯೊಂದು ತಾನಾಗಿಯೇ ನಡೆದು ಹೋಗುತ್ತಿದೆ. ಹಿಡಿದವರು ಕಾಣುವುದಿಲ್ಲ. ಸೂರ್ಯ ಇನ್ನೂ ಹುಟ್ಟಿಲ್ಲ. ತಿಕೋಟಾದ ಯರಿ ಭೂಮಿ ಕಪ್ಪು. ನಿಶಾನೆ ಹೊತ್ತ ರಾಯಪ್ಪನ ಕಂಬಳಿಯೂ ಕಪ್ಪು. ಅದರ ಹಿಂದೆ ಕಬ್ಬಿಣದ ಸರಪಳಿ ಹೆಂಟೆಗಳ ಮೇಲೆ ಎಳೆದುಕೊಂಡು ಹೋಗುವ ಸದ್ದು ಮಾತ್ರ ಕೇಳುತ್ತದೆ. ಹೊಲದ ಈ ತುದಿಯಲ್ಲಿ, ನನ್ನ ಪಕ್ಕ, ಕುಕ್ಕರಗಾಲಿನಲ್ಲಿ ಕೂತವರೊಬ್ಬರು ಒಂದು ಕಣ್ಣು ಮುಚ್ಚಿ ನೋಡುತ್ತಾರೆ.

"ಎಡಕ್ಕ ಬಾ ರಾಯಪ್ಪ. ಇನ್ನೊಂದೀಟು. ಹಾಂ, ನಿಲ್ಲು."

ನಿಶಾನೆ ನಿಲ್ಲುತ್ತದೆ.

ಇವರು ಸೈಫುದ್ದೀನ ಸಾಹೇಬರು, ಮೋಜಣಿದಾರರು. ಹೊಲ ಅಳೆದು, ಗಡಿಯ ಜಗಳ ಬಿಡಿಸಿ, ಹದ್ದಿಗೆ ಬಾಂದಿನ ಕಲ್ಲು ನಿಲ್ಲಿಸುವುದು ಇವರ ಕೆಲಸ. ಅದನ್ನು ನೋಡಿ ಬರೆಯಲು ನಾನು ಇಂದು ಇವರ ಜೊತೆ ಬಂದಿದ್ದೇನೆ. ವಯಸ್ಸು ನಲವತ್ತೆಂಟು. ಇಪ್ಪತ್ತೆರಡು ವರ್ಷಗಳಿಂದ ವಿಜಾಪುರ, ತಿಕೋಟಾ, ಹೊನವಾಡ, ಬಬಲೇಶ್ವರಗಳ ನೆಲವನ್ನು ಇವರು ಕಾಲಿನಿಂದ ಬಲ್ಲರು. ಮನೆ ಸೊಲ್ಲಾಪುರ ರಸ್ತೆಯ ಒಂದು ಓಣಿಯಲ್ಲಿದೆ. ತಂದೆ ಗೋಡೆಗಳಿಗೆ ಸುಣ್ಣ ಬಳಿಯುತ್ತಿದ್ದರು. ಸುಗ್ಗಿ ಮುಗಿದು ಮಳೆ ಬರುವವರೆಗೆ ಹೊಲಗಳು ಬರಿದಾಗಿರುತ್ತವೆ. ಆ ಮೂರು ತಿಂಗಳು ದಿನಕ್ಕೆ ಎಂಟು ಒಂಬತ್ತು ಮೈಲಿ ನಡಿಗೆ, ತಿಂಗಳಿಗೆ ಹತ್ತು ಹನ್ನೆರಡು ಜಗಳ. ಹಿಮ್ಮಡಿ ಈ ನೆಲದ ಹಾಗೆಯೇ ಒಡೆದಿದೆ.

ನೀರಿನ ತತ್ರಾಣಿ ಅವರ ಹೆಗಲ ಮೇಲೆಯೇ ಇರುತ್ತದೆ. ಕಲ್ಲು ನಿಲ್ಲುವ ತನಕ ಆ ಊರಿನಲ್ಲಿ ಯಾರ ಮನೆಯ ನೀರನ್ನೂ ಅವರು ಕುಡಿಯುವುದಿಲ್ಲ.

"ಒಬ್ಬರ ಮನಿ ನೀರ ಕುಡದ್ರ, ಇನ್ನೊಬ್ಬರ ಹೊಲಾನ ಕುಡದಾಂಗ ನೋಡ್ರಿ," ಎನ್ನುತ್ತಾರೆ.

ಇಂದಿನ ಜಗಳ ಕಾಳವ್ವ ಮತ್ತು ಶಂಕ್ರೆಪ್ಪನದು. ಇಬ್ಬರ ಹೊಲಗಳೂ ಒಂದಕ್ಕೊಂದು ಹತ್ತಿವೆ. ನಡುವಿನ ಹದ್ದಿಗೆ ಒಂದೇ ಕಲ್ಲಿತ್ತು. ಹೋದ ತಿಂಗಳು ಶಂಕ್ರೆಪ್ಪ ಕರಿಕೆ ಹುಲ್ಲು ತೆಗೆಯಲು ದೊಡ್ಡ ನೇಗಿಲು ಹೂಡಿ ತುದಿಯಲ್ಲಿ ತಿರುಗಿಸುವಾಗ, ತನ್ನ ಹೊಲ ಎಂದುಕೊಂಡ ಜಾಗಕ್ಕಿಂತ ಆರು ಫೂಟು ಆಚೆ, ಕಾಳವ್ವನ ಕಡೆಗೆ, ನೆಲದೊಳಗಿನಿಂದ ಇನ್ನೊಂದು ಕಲ್ಲು ಎದ್ದಿತು. ಈಗ ಕಲ್ಲು ಎರಡು. ಅವುಗಳ ನಡುವೆ ಆರು ಫೂಟು ನೆಲ. ಆ ನೆಲದಲ್ಲಿ ಒಂದು ಸಣ್ಣ ಮಣ್ಣುಗುಡ್ಡೆ. ಕಾಳವ್ವನ ಮಗಳು ಸತ್ಯವ್ವನ ಸಮಾಧಿ. ಆರು ವರ್ಷದ ಹಿಂದೆ ಚಳಿಜ್ವರದಲ್ಲಿ ಹೋದಳು. ಆಗ ಅವಳಿಗೆ ಒಂಬತ್ತು ವರ್ಷ.

ಹೊಸದಾಗಿ ಎದ್ದ ಕಲ್ಲು ನಿಜವಾದರೆ ಸಮಾಧಿ ಶಂಕ್ರೆಪ್ಪನ ಹೊಲಕ್ಕೆ ಸೇರುತ್ತದೆ. ನೇಗಿಲು ಅಲ್ಲಿಯೇ ಹೊಲದ ಅಂಚಿನಲ್ಲಿ ಕಾಯುತ್ತಿದೆ.

ಬೆಳಕಾಗುತ್ತಲೇ ಇಬ್ಬರೂ ಬರುತ್ತಾರೆ.

"ಯಕ್ಕಾ, ನಿನ್ನ ಕಲ್ಲಿಗೆ ಕಾಲ ಬಂದಿದ್ದುವೇನ? ಆರು ಫೂಟ ನಡದಬಿಟ್ಟೈತಲ್ಲ!" ಎಂದು ಶಂಕ್ರೆಪ್ಪ ನಗುತ್ತಾನೆ.

"ನನ್ನ ಕಲ್ಲ ನಿಂತಲ್ಲೇ ನಿಂತೈತಿ, ತಮ್ಮಾ. ನೆಲದಾಗಿಂದ ಎದ್ದ ಬಂದದ್ದು ನಿಂದು. ಎದ್ದ ಬಂದದ್ದಕ್ಕ ಅಂಜು," ಎನ್ನುತ್ತಾಳೆ ಕಾಳವ್ವ.

ಶಂಕ್ರೆಪ್ಪನ ನಗು ಅಲ್ಲಿಗೆ ನಿಲ್ಲುತ್ತದೆ.

ಬಾಂದಿನ ಕಲ್ಲು ಇಡುವಾಗ ಅದರ ಕೆಳಗೆ ಇದ್ದಲಿ ಹುಗಿಯುವುದು ಈ ಕೆಲಸದ ಹಳೆಯ ರೂಢಿ. ಕಲ್ಲನ್ನು ಯಾರಾದರೂ ಸರಿಸಬಹುದು. ಕೆಳಗಿನ ಇದ್ದಲಿ ಇದ್ದಲ್ಲಿಯೇ ಇರುತ್ತದೆ. ರಾಯಪ್ಪ ಹಾರೆ ತಂದು ಹೊಸದಾಗಿ ಎದ್ದ ಕಲ್ಲಿನ ಬುಡ ಅಗೆಯುತ್ತಾನೆ. ಸೊಂಟದಾಳದಲ್ಲಿ ಇದ್ದಲಿ ಸಿಗುತ್ತದೆ. ಮತ್ತೊಂದು ಕಲ್ಲಿನ ಬುಡ ಅಗೆಯುತ್ತಾನೆ. ಅಲ್ಲಿಯೂ ಸಿಗುತ್ತದೆ. ಸೈಫುದ್ದೀನ ಸಾಹೇಬರು ಎರಡನ್ನೂ ನನ್ನ ಎರಡು ಅಂಗೈಗಳಲ್ಲಿ ಇಡುತ್ತಾರೆ. ಎರಡೂ ಹಗುರ, ಎರಡೂ ಹೊಳೆಯುತ್ತವೆ. ನಿನ್ನೆ ಆರಿದ ಒಲೆಯವು ಅನ್ನಿಸುತ್ತದೆ.

"ಒಂದಕ್ಕ ಎಪ್ಪತ್ತು ವರ್ಷ ಆಗಿರಬೇಕ್ರಿ. ಇನ್ನೊಂದಕ್ಕ ಹನ್ನೊಂದು. ಮಣ್ಣಾಗಿದ್ರೂ ಇದ್ದಲಿಗೆ ವಯಸ್ಸಾಗೂದಿಲ್ಲ."

ಹನ್ನೊಂದು ಎಂದು ಹೇಗೆ ಗೊತ್ತು ಎಂದು ಕೇಳುತ್ತೇನೆ.

"ಹುಗದಾಂವ ನಾನ ಅಲ್ರೀ."

ಮೂವತ್ತಾರನೆಯ ಇಸವಿಯಲ್ಲಿ ಕಾಳವ್ವನ ಕಲ್ಲನ್ನು ನಿಲ್ಲಿಸಿದವರು ಇವರೇ. ಹಳೆಯ ಕಲ್ಲು ಆಗ ಕಣ್ಮರೆಯಾಗಿತ್ತು. ಬಿರುಕು ಬಿಡುವ ಈ ನೆಲ ಬೇಸಿಗೆಯಲ್ಲಿ ಬಾಯಿ ತೆರೆದು ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತದೆ. ವಾಲಿದ ಕಲ್ಲನ್ನು ನುಂಗಿಯೂ ಬಿಡುತ್ತದೆ. ಆ ವರ್ಷ ಬಬಲೇಶ್ವರದ ಕಡೆ ಅಳೆಯುವಾಗ ಬಂಡೆಗೆ ಸಿಕ್ಕು ಇವರ ಸರಪಳಿ ಹರಿದಿತ್ತು. ಹಾದಿಯಲ್ಲಿ ಸಿಕ್ಕ ಕಮ್ಮಾರನಿಂದ ಒಂದು ಬಳೆ ಹಾಕಿಸಿ ಕೂಡಿಸಿಕೊಂಡರು. ಬಳೆ ತುಸು ದೊಡ್ಡದಾಯಿತು. ಮೂವತ್ತಮೂರು ಫೂಟಿನ ಸರಪಳಿ ಮೂರು ಇಂಚು ಬೆಳೆಯಿತು.

"ಸರಪಳಿಗೆ ಹದಿನಾರು ಆಣೆ ಅಂತ ಭಾಗ ಇರತಾವ್ರಿ. ಹದಿನಾರೂ ಅದಾವಿಲ್ಲೋ ಅಂತ ಎಣಿಸಿದೆ. ಅಳೀಲಿಲ್ಲ. ಜಗತ್ತೆಲ್ಲಾ ಅಳೆಯಾಂವ, ಅದೊಂದ ಅಳೀಲಿಲ್ಲ."

ಮರುವರ್ಷ ಕಚೇರಿಯಲ್ಲಿ ಪರೀಕ್ಷೆಗೆ ಇಟ್ಟಾಗ ತಪ್ಪು ತಿಳಿಯಿತು. ಅಷ್ಟರಲ್ಲಿ ಆ ಸರಪಳಿಯಿಂದ ನಲವತ್ತೊಂದು ಕಲ್ಲು ನಿಂತಿದ್ದವು. ಯಾರಾದರೂ ಜಗಳ ತಂದು ಅರ್ಜಿ ಕೊಟ್ಟ ಹೊರತು ಮತ್ತೆ ಅಳೆಯುವ ಅಧಿಕಾರ ಅವರಿಗಿಲ್ಲ. ಹನ್ನೊಂದು ವರ್ಷಗಳಲ್ಲಿ ಒಂಬತ್ತು ಹೊಲಗಳಿಂದ ಮಾತ್ರ ಕರೆ ಬಂದಿದೆ.

"ಕರದ ಕಲ್ಲಿನ ಅಂಜಿಕಿಲ್ರಿ. ಉಳದ ಮೂವತ್ತೆರಡು ಸುಮ್ಮನ ನಿಂತಾವಲ್ಲ, ಅವು ಅಂಜಸತಾವ. ಬಸ್ಸಿನ್ಯಾಗ ಹೊಂಟಾಗ ಒಂದೊಂದು ಕಾಣತಾವ. ನನ್ನ ಕಡೆ ಮಾರಿ ಮಾಡಿ ನಿಂತಾಂಗ."

ರಾಯಪ್ಪ ಹಾರೆಯ ಮೇಲೆ ಕೈಯೂರಿ ಕೇಳುತ್ತಿದ್ದಾನೆ. ಅವನಿಗೆ ಅರವತ್ತು ದಾಟಿದೆ. ಊರಿನ ಕುಳವಾಡಿಯವನು, ಹದ್ದು ಎಲ್ಲಿದೆ ಎಂದು ಹೇಳುವುದು ಅವನ ಮನೆತನದ ಕೆಲಸವಾಗಿತ್ತು. ಊರಿನ ಬಾವಿಗೆ ಅವನು ಇಳಿಯುವಂತಿಲ್ಲ. ಊರಿನ ಹೊಲಗಳೆಲ್ಲ ಅವನ ನೆನಪಿನಲ್ಲಿವೆ.

"ಅವತ್ತ ಹೇಳಿದ್ನಿ ನಾ, ಕಲ್ಲ ಇಲ್ಲಲ್ರೀ ಸಾಹೇಬ್ರ, ಅಲ್ಲಿ ಅಂತ. ಸಾಹೇಬ್ರು ಸರಪಳೀನ ಕೇಳಿದ್ರು. ನನ್ನ ಕೇಳಲಿಲ್ಲ."

"ಖರೆ," ಎನ್ನುತ್ತಾರೆ ಸಾಹೇಬರು.

ಈಗ ಅಳತೆ. ಮೊದಲು ಹತ್ತು ಫೂಟಿನ ಸಾಗವಾನಿ ಕೋಲಿಗೆ ಸರಪಳಿಯನ್ನು ಹಿಡಿದು ನೋಡುತ್ತಾರೆ. ಬಳಿಕ ತೆಂಕಣ ಮೂಲೆಯ, ಯಾರೂ ತಕರಾರು ಮಾಡದ ಕಲ್ಲಿನಿಂದ ಆರಂಭ. ಹಳೆಯ ನಕಾಶೆಯ ಪ್ರಕಾರ ಅಲ್ಲಿಂದ ಹದ್ದಿಗೆ ಇಪ್ಪತ್ತನಾಲ್ಕು ಸರಪಳಿ. ಒಂದು, ಎರಡು, ಮೂರು. ಹನ್ನೊಂದನೆಯ ಸರಪಳಿಗೆ ಅದರ ತುದಿ ಜಾರಿ ಒಂದು ಬಿರುಕಿನೊಳಗೆ ಇಳಿಯುತ್ತದೆ. ರಾಯಪ್ಪ ಹಿಡಿದುಕೊಳ್ಳುವಷ್ಟರಲ್ಲಿ ಮೂರು ಮೊಳ ಒಳಗೆ ಹೋಗಿದೆ. ಎಳೆದು ತೆಗೆದ ಮೇಲೂ ಕೆಳಗೆಲ್ಲೋ ಕಬ್ಬಿಣ ಕಬ್ಬಿಣಕ್ಕೆ ತಾಕಿದ ಸದ್ದು ಕೇಳಿದಂತಾಗುತ್ತದೆ. ಶಂಕ್ರೆಪ್ಪ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ.

ಕಾಳವ್ವ ಸಮಾಧಿಯ ಪಕ್ಕ ಕೂತಿದ್ದಾಳೆ. ಅಲ್ಲಿಯೂ ಒಂದು ಬಿರುಕು. ಅದರ ಬಾಯಿಗೆ ಅಂಗೈ ಹಿಡಿದಿದ್ದಾಳೆ.

"ತಂಪ ಬರತೈತಿ ನೋಡು ಬೇ," ಎನ್ನುತ್ತಾಳೆ. ನಾನೂ ಹಿಡಿಯುತ್ತೇನೆ. ಏಪ್ರಿಲ್ ತಿಂಗಳಿನ ನೆಲದಿಂದ ತಣ್ಣನೆಯ ಉಸಿರು. ಬಳೆಯಿಲ್ಲದ ನನ್ನ ಕೈಯನ್ನು ನೋಡಿ, "ನಿನಗ ಎಷ್ಟ ವರ್ಷಾತು?" ಎಂದು ಕೇಳುತ್ತಾಳೆ. ಗಂಡ ಹೋಗಿ ಒಂದು ವರ್ಷ ಎನ್ನುತ್ತೇನೆ.

ಇಪ್ಪತ್ತನಾಲ್ಕನೆಯ ಸರಪಳಿಯ ತುದಿ ನೆಲದಿಂದ ಎದ್ದ ಕಲ್ಲಿಗೆ ಬಂದು ತಾಕುತ್ತದೆ. ಇಪ್ಪತ್ತನಾಲ್ಕು ಸಲ ಮೂರು ಇಂಚು, ಆರು ಫೂಟು. ಕಾಳವ್ವನ ಕಲ್ಲು ತಪ್ಪು.

ಸೈಫುದ್ದೀನ ಸಾಹೇಬರು ಟೊಪ್ಪಿಗೆ ತೆಗೆದು ಅವಳ ಮುಂದೆ ನಿಲ್ಲುತ್ತಾರೆ. "ನನ್ನ ತಪ್ಪವ್ವಾ. ಹಾಂಗಂತನ ಬರದ ಕೊಡತೇನಿ."

"ಸರಕಾರದ ಕಲ್ಲಂತ ನಂಬಿ ಕೂಸಿನ್ನ ಅದರ ಮಗ್ಗಲಕ ಇಟ್ಟೆ. ಈಗ ಎಬ್ಬಸಲೇನ ಆಕೀನ್ನ?"

ಸಾಹೇಬರು ಸಮಾಧಿಯ ಬಳಿ ಮೊಣಕಾಲೂರಿ ಕೋಲಿನಿಂದ ಅದರ ಉದ್ದ ಅಗಲ ಅಳೆಯುತ್ತಾರೆ. ಮತ್ತೆ ಎದ್ದು, ಇನ್ನೊಂದು ಕಡೆಯಿಂದ ಬಂದು, ಇನ್ನೊಮ್ಮೆ ಅಳೆಯುತ್ತಾರೆ. ನಕಾಶೆಯಲ್ಲಿ ಶಂಕ್ರೆಪ್ಪನ ಹೊಲದೊಳಗೆ ಜೋಳದ ಕಾಳಿನಷ್ಟು ಸಣ್ಣ ಗುರುತು ಹಾಕಿ ಪಕ್ಕದಲ್ಲಿ ಬರೆಯುತ್ತಾರೆ: ಸಮಾಧಿ, ನಾಲ್ಕು ಫೂಟು, ಎರಡೂವರೆ ಫೂಟು.

"ಅದ್ಯಾಕ ಅದರಾಗ?" ಎಂದು ಶಂಕ್ರೆಪ್ಪ ಬಗ್ಗಿ ನೋಡುತ್ತಾನೆ.

"ನೆಲದ ಮ್ಯಾಲ ಇದ್ದದ್ದನ್ನ ಬರೀಬೇಕಾಕ್ಕತಿ ಶಂಕ್ರೆಪ್ಪ. ಬಾವಿ ಇದ್ರ ಬಾವಿ, ಸಮಾಧಿ ಇದ್ರ ಸಮಾಧಿ. ಈ ಹಾಳಿಗೆ ಹೆಬ್ಬಟ್ಟ ಒತ್ತಿದ್ರ ಆರು ಫೂಟ ನಿಂದು, ಅದರ ಜೋಡಿ ಇದೂ ಅಲ್ಲೇ ಇರತೈತಿ ಅಂತ ನೀ ಒಪ್ಪಿದಾಂಗ. ಒಲ್ಲೆ ಅಂದ್ರ ಹೊಸಾ ಅರ್ಜಿ ಕೊಡು, ಮುಂದಿನ ವರ್ಷ ಬ್ಯಾರೆಯವ್ರು ಬರತಾರ."

"ನೇಗಿಲಾ?"

"ಸುತ್ತ ಹಾದು ಹೋಗಬೇಕು."

ಶಂಕ್ರೆಪ್ಪ ಮಣ್ಣುಗುಡ್ಡೆಯನ್ನು ನೋಡುತ್ತಾನೆ, ಸರಪಳಿ ಜಾರಿದ ಬಿರುಕಿನ ಕಡೆ ನೋಡುತ್ತಾನೆ. "ಆರು ಫೂಟಿನಾಗ ನಾಕು ಇಕೀದ ಆತಲ್ಲೋ ಮಾರಾಯಾ."

"ಉಳದ ಎರಡರಾಗ ಬದನಿಕಾಯಿ ಹಚ್ಚು," ಎನ್ನುತ್ತಾನೆ ರಾಯಪ್ಪ.

ಶಂಕ್ರೆಪ್ಪ ಬಯ್ಯುತ್ತಲೇ ಹೆಬ್ಬೆಟ್ಟು ಒತ್ತುತ್ತಾನೆ. ಕಾಳವ್ವನೂ ಒತ್ತುತ್ತಾಳೆ. ಆಮೇಲೆ ಮಸಿ ಹತ್ತದ ಇನ್ನೊಂದು ಕೈಯ ಬೆರಳನ್ನು ನಕಾಶೆಯ ಆ ಗುರುತಿನ ಮೇಲೆ ಇಡುತ್ತಾಳೆ.

"ಇದರಾಗ ಅದಾಳೇನ?"

"ಅದಾಳವ್ವಾ," ಎನ್ನುತ್ತಾರೆ ಸಾಹೇಬರು.

ಅವಳು ಬೆರಳು ತೆಗೆಯುವ ತನಕ ಹಾಳೆಯನ್ನು ಹಾಗೆಯೇ ಹಿಡಿದುಕೊಂಡಿರುತ್ತಾರೆ.

ಅಥಣಿ ರಸ್ತೆಗೆ ಬಂದು ಬಸ್ಸಿಗೆ ಕಾಯುವಾಗ, ಉಳಿದ ಮೂವತ್ತೆರಡನ್ನು ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಜಗಳವಿಲ್ಲದಿದ್ದರೂ ಅವುಗಳನ್ನು ಅಳೆಯಲು ಅಪ್ಪಣೆ ಬೇಕೆಂದು ಮೂರು ಸಲ ಬರೆದುಕೊಂಡಿದ್ದಾರಂತೆ. ಪಿಂಚಣಿಗೆ ಏಳು ವರ್ಷವಿದೆ. ಅದರೊಳಗೆ ಸಿಕ್ಕರೆ ಸಾಕು, ಬೇರೇನೂ ಬೇಡ ಎನ್ನುತ್ತಾರೆ. ಆಮೇಲೆ ತಾವಾಗಿಯೇ ಹೇಳುತ್ತಾರೆ:

"ಆ ಕೂಸಿಂದು ಎರಡ ಸಲ ಅಳದೇನ್ರಿ. ಎರಡೂ ಸಲ ಒಂದ ಲೆಕ್ಕ ಬಂತು."